ಹೊಸ ಬುಟ್ಟಿಗೆ ಹಳೇ ಕಳೆ: ಕಾಚು, ಮೇಣ, ಇಳಕಲ್ ದಡಿ

ನಮ್ಮ ಕಡೆ ಇಪ್ಪತ್ತು ಮೂವತ್ತು ವರ್ಷ ದುಡಿದ ರೊಟ್ಟಿ ಬುಟ್ಟಿ ಸಿಕ್ಕರೆ ಕೈಗೆ ತಗೊಂಡು ಬೆಳಕಿಗೆ ತಿರುವಿ ನೋಡಿ. ಹಿಡಿಕೆಯ ಎರಡೂ ಮಗ್ಗುಲಿನ ಅಂಚು ಜೇನಿನ ಬಣ್ಣಕ್ಕೆ ತಿರುಗಿ ನುಣುಪಾಗಿರುತ್ತದೆ. ಟೊಂಕಕ್ಕೆ ಒರಗಿಸಿಕೊಂಡು ಒಯ್ಯುವಾಗ ಸೀರೆಗೆ ತಿಕ್ಕಿದ ಹೊಟ್ಟೆಭಾಗ ಒಂದೇ ಕಡೆ ಹೊಳೆಯುತ್ತದೆ. ತಲೆ ಮೇಲೆ ಹೊತ್ತಾಗ ಸಿಂಬಿ ಕೂತ ಜಾಗ ತಳದಲ್ಲಿ ಬಳೆಯ ಹಾಗೆ ಸವೆದಿರುತ್ತದೆ. ಕೈ ತಾಗದ ಸಂದುಗಳಲ್ಲಿ ಮಾತ್ರ ಕಪ್ಪು ಕೂತಿರುತ್ತದೆ. ಹೊಸ ಬುಟ್ಟಿಗೆ ಹಳೇ ಕಾಲದ ನೋಟ ಕೊಡುವ ಕೆಲಸವೆಲ್ಲ ಈ ನಾಲ್ಕು ಗುರುತುಗಳ ಮೇಲೆ ನಿಂತಿದೆ. ಬಣ್ಣ ಎಲ್ಲಿ ಇರಬೇಕು ಅನ್ನುವುದಕ್ಕಿಂತ ಎಲ್ಲಿ ಹೋಗಿರಬೇಕು ಅನ್ನುವುದು ಮೊದಲು ಗೊತ್ತಾಗಬೇಕು. ಅದನ್ನು ಬಿಟ್ಟು ಮೈತುಂಬ ಬಿಳಿ ಬಳಿದು ಸುತ್ತ ಲೇಸು ಅಂಟಿಸಿದರೆ ಬುಟ್ಟಿ ಹಳೆಯದಾಗಿ ಕಾಣುವುದಿಲ್ಲ, ಹೆಣಿಗೆಯ ಚೆಂದವೂ ಮುಚ್ಚಿಹೋಗುತ್ತದೆ.

ಇಲ್ಲಿ ಬರೆದಿರುವುದು ಬಾಗಲಕೋಟೆಯಲ್ಲಿ ಮೇದಾರರಿಂದ ಕೊಂಡ ಎರಡು ಹಿಡಿಕೆಯ ಬಿದಿರಿನ ದುಂಡು ಬುಟ್ಟಿಯ ಕೆಲಸ. ಒಳಬಾಯಿ 14 ಇಂಚು, ಒಳತಳ 10 ಇಂಚು, ಎತ್ತರ 7 ಇಂಚು. ಟೇಪನ್ನು ಒಳಗೋಡೆಗೆ ಒತ್ತಿ ಅಳೆದರೆ ಇಳಿಜಾರಿನ ಉದ್ದ 7½ ಇಂಚು ಬರುತ್ತದೆ. ಅಂಚಿನ ಹೊರಸುತ್ತು 47 ಇಂಚು. ಈ ಕೊನೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಹೊಲಿಗೆಯ ಲೆಕ್ಕವೆಲ್ಲ ಅದರ ಮೇಲೆಯೇ. ಬೆತ್ತದ ಬುಟ್ಟಿ ಆಗಿದ್ದರೂ ಕ್ರಮ ಇದೇ, ಉಜ್ಜುವ ಕೆಲಸ ಮಾತ್ರ ಕಡಿಮೆ.

ಕೊಳ್ಳುವಾಗ ಅಂಚು ಕಟ್ಟಿದ್ದನ್ನು ನೋಡಬೇಕು. ಹೆಬ್ಬೆರಳಿನಿಂದ ಅಂಚನ್ನು ಒಳಕ್ಕೆ ಒತ್ತಿದಾಗ ಕಿರ್ ಅಂದರೆ ಕಟ್ಟು ಸಡಿಲ ಇದೆ. ಸಮನೆಲದ ಮೇಲೆ ಇಟ್ಟು ಅಲ್ಲಾಡುತ್ತದೆಯೋ ನೋಡಿ, ತಳ ಹೊರಳಿದ್ದನ್ನು ಆಮೇಲೆ ಸರಿ ಮಾಡಲು ಬರುವುದಿಲ್ಲ. ದಬ್ಬೆಯ ಮೇಲೆ ಗುಂಡುಸೂಜಿ ಗಾತ್ರದ ತೂತು, ತಳದಲ್ಲಿ ಹಿಟ್ಟಿನಂಥ ಹುಡಿ ಕಂಡರೆ ಹುಳ ಹೊಕ್ಕಿದೆ, ಬಿಟ್ಟುಬಿಡಿ. ಇನ್ನು ಹಸಿ. ಮೇದಾರರು ಬಿದಿರನ್ನು ನೀರಲ್ಲಿ ನೆನೆಸಿ ಸೀಳಿ, ತೇವ ಇರುವಾಗಲೇ ಹೆಣೆಯುತ್ತಾರೆ, ಇಲ್ಲದಿದ್ದರೆ ಎಳೆ ಬಾಗದೆ ಮುರಿಯುತ್ತದೆ. ನಮಗೆ ಮಾರಿದ ಹೆಣ್ಣುಮಗಳು ತಾನಾಗಿಯೇ ಹೇಳಿದಳು: “ಯಕ್ಕಾ, ಇದು ಮನ್ನೆ ಹೆಣದದ್ದು, ಇನ್ನಾ ಹಸಿ ಐತಿ. ಬಣ್ಣಾ ಹಚ್ಚಾಕಿದ್ರ ಹದಿನೈದ ದಿನಾ ನೆಳ್ಳಾಗ ಇಟ್ಟ ಹಚ್ಚರಿ, ಇಲ್ಲಾಂದ್ರ ಅಂಚ ಬಿಡತೈತಿ.” ಅವಳ ಮಾತು ಅಳತೆಗೂ ಸರಿಹೋಯಿತು. ತಂದ ದಿನ ಅಡುಗೆಮನೆ ತಕ್ಕಡಿಯಲ್ಲಿ 640 ಗ್ರಾಂ ತೂಗಿದ್ದು ಎರಡು ವಾರದ ಹೊತ್ತಿಗೆ 560ಕ್ಕೆ ಇಳಿದು ಅಲ್ಲಿಯೇ ನಿಂತಿತು. ಎರಡು ದಿನದ ಅಂತರದಲ್ಲಿ ತೂಕ ಬದಲಾಗದಿದ್ದರೆ ಬುಟ್ಟಿ ಒಣಗಿದೆ ಎಂದು ಅರ್ಥ. ಬೇಗ ಆಗಲಿ ಅಂತ ನಮ್ಮ ಬಿಸಿಲಿಗೆ ಇಡಬಾರದು. ಹೊರಮೈ ಒಳಮೈಗಿಂತ ಮೊದಲು ಕುಗ್ಗಿ ದಬ್ಬೆ ಉದ್ದಕ್ಕೆ ಸೀಳುತ್ತದೆ.

ಬಿದಿರಿನ ಬಗ್ಗೆ ಒಂದು ವಿಷಯ ತಿಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಹೊರಸಿಪ್ಪೆ ಮತ್ತು ಒಳತಿರುಳು ಎರಡು ಬೇರೆ ಸ್ವಭಾವದವು. ಹೊರಸಿಪ್ಪೆಯಲ್ಲಿ ಮೇಣ, ಮರಳಿನಂಥ ಸಿಲಿಕಾ ಇರುವುದರಿಂದ ನೀರು ಅದರ ಮೇಲೆ ಜಾರುತ್ತದೆ. ತಿರುಳಿನ ಕಡೆಯಿಂದ ತೆಗೆದ ಎಳೆ ನೀರನ್ನು ಬಟ್ಟೆಯ ಹಾಗೆ ಕುಡಿಯುತ್ತದೆ. ಒಂದೇ ಬುಟ್ಟಿಯಲ್ಲಿ ಎರಡೂ ಎಳೆ ಇರುತ್ತವೆ. ಹಾಗಾಗಿ ಒಂದೇ ಬಣ್ಣ ಒಂದೆಡೆ ಕಪ್ಪಾಗಿ, ಇನ್ನೊಂದೆಡೆ ಹಿಡಿಯದೆ, ತಿಂಗಳೊಳಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹೊಳೆಯುವ ಎಳೆಗಳನ್ನು ಹುಡುಕಿ 120 ನಂಬರಿನ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು, ಆಮೇಲೆ ಇಡೀ ಬುಟ್ಟಿಗೆ 220 ನಂಬರು. ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡ ಉಜ್ಜಿದರೆ ಸಿಬಿರು ಏಳುತ್ತದೆ. ಉಳಿದ ಸಣ್ಣ ಕೂದಲನ್ನು ಗ್ಯಾಸ್ ಲೈಟರಿನ ಉರಿಯಲ್ಲಿ ಒಂದೆಡೆ ನಿಲ್ಲಿಸದೆ ಸರಸರ ಸವರಿ ಸುಡಬಹುದು. ಇದನ್ನು ಬಣ್ಣ, ಸ್ಪಿರಿಟ್ ಯಾವುದೂ ಹತ್ತಿರ ಇಲ್ಲದ ಹೊತ್ತಿಗೆ, ಮೊದಲೇ ಮುಗಿಸಿಕೊಳ್ಳಬೇಕು. ಕೊನೆಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳ ಧೂಳು ತೆಗೆಯಿರಿ.

ಹುಳದ ಉಪಚಾರ ಈ ಹಂತದಲ್ಲೇ. ಬಿದಿರಿನ ಪಿಷ್ಟಕ್ಕೆ ಹುಳ ಬರುತ್ತದೆ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ, 20 ಗ್ರಾಂ ಬೋರಿಕ್ ಪುಡಿ (ಕೇರಂ ಹಲಗೆಗೆ ಹಾಕುವುದು ಇದೇ) ಕರಗಿಸಿ, ಬ್ರಷ್ಷಿನಿಂದ ಒಳಗೂ ಹೊರಗೂ ಎರಡು ಸಲ ಹಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿದೆವು. ರೊಟ್ಟಿ, ಹಣ್ಣು ನೇರವಾಗಿ ಇಡುವ ಬುಟ್ಟಿಗೆ ಇದು ಬೇಡವೇ ಬೇಡ. ಅದಕ್ಕೆ ನಮ್ಮ ಹಿರಿಯರು ಮಾಡುತ್ತಿದ್ದ ಮೆಂತ್ಯದ ಸಾರಣೆಯೇ ಸಾಕು. ಈ ಬುಟ್ಟಿ ನೂಲು, ಪುಸ್ತಕ, ಮಡಚಿದ ಬಟ್ಟೆ, ಕುಬಸದ ಸೀರೆ ಖಣ ಇಡುವುದಕ್ಕೆ.

ಮೆಂತ್ಯದ ಸಾರಣೆಯನ್ನು ನಾವು ಒಳತಳಕ್ಕಷ್ಟೇ ಮಾಡಿದೆವು. ಮರ, ಬುಟ್ಟಿಗಳಿಗೆ ಕಾಗದ ಮತ್ತು ಮೆಂತ್ಯ ರುಬ್ಬಿ ಸಾರಿಸುವುದು ಇಲ್ಲಿಯ ಮನೆಗಳಿಗೆ ಹೊಸದೇನಲ್ಲ. ತೂತು ಮುಚ್ಚಿ ತಳ ಗಟ್ಟಿಯಾಗುತ್ತದೆ, ಕಹಿಗೆ ಹುಳ ಹತ್ತುವುದು ಕಡಿಮೆ. 30 ಗ್ರಾಂ ಮೆಂತ್ಯವನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಬೇಕು. 150 ಗ್ರಾಂ ಕಾಗದವನ್ನು ಚೂರು ಮಾಡಿ ಒಂದು ದಿನ ನೆನೆಸಿ, ಹಿಂಡಿ, ಅದನ್ನೂ ರುಬ್ಬಿ ಎರಡನ್ನೂ ಕಲಸಿದರೆ ರೊಟ್ಟಿ ಹಿಟ್ಟಿಗಿಂತ ತುಸು ಮೆತ್ತಗಿನ ಹದ ಬರಬೇಕು. ಪತ್ರಿಕೆಯ ಕಾಗದದ ಮಸಿ ತಿನ್ನುವ ಪದಾರ್ಥಕ್ಕೆ ತಾಗಬಾರದು, ಆದ್ದರಿಂದ ರೊಟ್ಟಿ ಬುಟ್ಟಿಗಾದರೆ ಅಚ್ಚಾಗದ ಬಿಳಿ ಕಾಗದವನ್ನೇ ಹಾಕಿ. ಅಂಗೈ ಒದ್ದೆ ಮಾಡಿಕೊಂಡು 2 ಮಿಲಿಮೀಟರಿಗಿಂತ ದಪ್ಪ ಆಗದಂತೆ ಸಾರಿಸಿ. ದಪ್ಪ ಆದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು, ಬರಗಾಲದ ಎರೆಹೊಲದ ಹಾಗೆ ಬಿರಿಯುತ್ತದೆ. ಮೈದಾ ಅಂಟಿನಿಂದ ಮಾಡುವವರೂ ಇದ್ದಾರೆ. ಅದಕ್ಕೆ ಜಿರಲೆ ಬರುತ್ತದೆ, ಜಿರಲೆ ತಡೆಯಲು ಮೈಲುತುತ್ತ ಹಾಕಿದರೆ ಅದು ವಿಷ. ಮೆಂತ್ಯವೇ ಒಳ್ಳೆಯದು.

ಈಗ ಬಣ್ಣ. ಹೊಸ ಬಿದಿರಿನ ಹಸಿಹಳದಿಯನ್ನು ಕೊಲ್ಲದೆ ಮೇಲೆ ಎಷ್ಟೇ ಕೆಲಸ ಮಾಡಿದರೂ ಸವೆದ ಜಾಗದಲ್ಲಿ ಆ ಹೊಸತನ ಇಣುಕುತ್ತದೆ. ಅಂಗಡಿಯ ಮರದ ಸ್ಟೇನ್ ಬದಲು ನಾವು ಎಲೆಅಡಿಕೆಯ ಕಾಚು ಬಳಸಿದೆವು. ಕಾಚಿನ ಕಂದು ಬಣ್ಣಕ್ಕೆ ಒಂದು ಕೆಂಪು ಛಾಯೆ ಇರುತ್ತದೆ, ಹೊಗೆಯ ಅಡುಗೆಮನೆಯಲ್ಲಿ ತೂಗಿದ ಬುಟ್ಟಿಯ ಬಣ್ಣಕ್ಕೆ ಅದೇ ಹತ್ತಿರ. 25 ಗ್ರಾಂ ಕಾಚನ್ನು 300 ಮಿಲಿಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗಲೇ ಹಚ್ಚಬೇಕು. ಆರಿದರೆ ಕಾಚು ತಳಕ್ಕೆ ಕೂರುತ್ತದೆ, ಬಣ್ಣ ಮೇಲೆ ತೆಳು ಕೆಳಗೆ ಗಾಢ ಆಗುತ್ತದೆ. ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಹಚ್ಚಿದರೆ ಹಳೇ ತೇಗದ ಬಣ್ಣ. ಮೊದಲ ಸಲ ನೋಡಿ ಸಾಲದೆನಿಸಿ ಮೂರನೆಯದಕ್ಕೆ ಹೋಗಬೇಡಿ, ಮೇಲಿನ ಮೇಣ ಬಿದ್ದ ಮೇಲೆ ಅದು ಇನ್ನೂ ಎರಡು ಪಟ್ಟು ಗಾಢವಾಗುತ್ತದೆ.

ಸಂದಿನ ಕಪ್ಪು ಬಣ್ಣದಿಂದ ಬರುವುದಕ್ಕಿಂತ ಕಬ್ಬಿಣದಿಂದ ಚೆನ್ನಾಗಿ ಬರುತ್ತದೆ. ಕಾಚಿನಲ್ಲಿರುವ ಒಗರು, ಅಂದರೆ ಟ್ಯಾನಿನ್, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಅಡಿಕೆ ಕೊಚ್ಚಿದ ಕಬ್ಬಿಣದ ಅಡಕೊತ್ತು ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದಾರೆ, ಅದೇ ಗುಣ ಇಲ್ಲಿ. ಒಂದು ವಾರ ಮೊದಲೇ 200 ಮಿಲಿಲೀಟರ್ ವಿನೆಗರಿನಲ್ಲಿ ತುಕ್ಕು ಹಿಡಿದ ಹತ್ತು ಮೊಳೆ ಹಾಕಿ ಗಾಜಿನ ಬಾಟಲಿಯಲ್ಲಿ ಇಟ್ಟುಬಿಡಿ. ಮುಚ್ಚಳ ಬಿಗಿ ಮಾಡಬಾರದು, ಒಳಗೆ ಅನಿಲ ಹುಟ್ಟುತ್ತದೆ. ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ಹಾಕಿದರೆ ಏನೂ ಆಗುವುದಿಲ್ಲ, ಅದು ತುಕ್ಕು ಹಿಡಿಯದ ಸ್ಟೀಲು. ಆ ನೀರಿನ ಒಂದು ಭಾಗಕ್ಕೆ ನಾಲ್ಕು ಭಾಗ ಸಾದಾ ನೀರು ಬೆರೆಸಿ, ಸಣ್ಣ ಬ್ರಷ್ಷಿನಿಂದ ಹಿಡಿಕೆಯ ಬುಡ, ಅಂಚಿನ ಕಟ್ಟಿನ ಕೆಳಗೆ, ತಳ ಮತ್ತು ಗೋಡೆ ಕೂಡುವ ಸಾಲಿನಲ್ಲಿ ಮಾತ್ರ ಹಚ್ಚಬೇಕು. ಹಚ್ಚಿದಾಗ ಏನೂ ಕಾಣುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಕಪ್ಪು ತಾನಾಗಿ ಏಳುತ್ತದೆ. ಇಲ್ಲಿ ಅವಸರ ಪಟ್ಟು ಎರಡನೇ ಸಲ ಹಚ್ಚಿದ ಒಂದು ಬುಟ್ಟಿ ಮಸಿ ಚೆಲ್ಲಿದ ಹಾಗೆ ಆಗಿತ್ತು. ಅದನ್ನು ಮರಳಿ ತಿಳಿ ಮಾಡಲು ದಾರಿ ಸಿಗಲಿಲ್ಲ.

ಒಣಗಿದ ಮೇಲೆ ನೇರವಾಗಿ ಬಿಳಿ ಬಣ್ಣ ಹಚ್ಚಿದರೆ ಕಾಚು ಆ ಬಣ್ಣದ ನೀರಿಗೆ ಬಿಡುತ್ತದೆ. ಸಂಜೆ ಬಿಳಿ ಇದ್ದದ್ದು ಬೆಳಗಿಗೆ ಎಲೆಅಡಿಕೆ ಉಗುಳಿದ ಬಣ್ಣ. ಮೇಲೆ ಇನ್ನೆರಡು ಕೋಟು ಹಾಕಿದರೂ ಅದು ಹಾಯ್ದು ಬರುತ್ತದೆ. ಇದಕ್ಕೆ ತಡೆ ಚಪಡಾ ಅರಗು, ಬಡಿಗೇರರು ಪಾಲಿಶಿಗೆ ಬಳಸುವುದು. 100 ಮಿಲಿಲೀಟರ್ ಸ್ಪಿರಿಟ್ಟಿನಲ್ಲಿ 15 ಗ್ರಾಂ ಅರಗನ್ನು ರಾತ್ರಿಯಿಡೀ ಕರಗಿಸಿ ಒಂದೇ ತೆಳು ಕೋಟು. ಇದರಿಂದ ಎರಡು ಕೆಲಸ ಆಗುತ್ತವೆ: ಕಾಚು ಒಳಗೇ ನಿಲ್ಲುತ್ತದೆ, ಜಾರುವ ಹೊರಸಿಪ್ಪೆಯೂ ಬಣ್ಣ ಹಿಡಿಯುತ್ತದೆ. ಬಾಗಲಕೋಟೆಯ ಒಣ ಹವೆಗೆ ಅರಗು ಅರ್ಧ ಗಂಟೆಯಲ್ಲಿ ಒಣಗುತ್ತದೆ. ಬೆಳಗಾವಿ, ಖಾನಾಪುರ ಕಡೆಯವರು ಮಳೆಗಾಲದಲ್ಲಿ ಈ ಹಂತಕ್ಕೆ ಕೈ ಹಾಕಬಾರದು. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಅರಗು ಹಾಲಿನಂತೆ ಬೆಳ್ಳಗಾಗುತ್ತದೆ.

ಇನ್ನು ಮೇಣದಬತ್ತಿ. ಈ ಕೆಲಸದಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟದ ಹಂತ ಇದು, ಬುಟ್ಟಿಯ ಆಯುಷ್ಯ ಇಲ್ಲಿ ನಿರ್ಧಾರವಾಗುತ್ತದೆ. ಬಿಳಿ ಬತ್ತಿಯೊಂದನ್ನು ತಗೊಂಡು, ಮುಂದೆ ಎಲ್ಲಿ ಕಂದು ಕಾಣಬೇಕೋ ಅಲ್ಲಿ ತಿಕ್ಕಬೇಕು. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಎಲ್ಲಿ ತಿಕ್ಕಬೇಕೆಂದು ಊಹಿಸಬೇಡಿ, ಬುಟ್ಟಿಯನ್ನು ನಿಜವಾಗಿ ಹೊತ್ತು ನೋಡಿ. ಎರಡೂ ಹಿಡಿಕೆ ಹಿಡಿದು ಎತ್ತಿದಾಗ ಬೆರಳಿನ ಗೆಣ್ಣು ಅಂಚಿನ ಕೆಳಗೆ ಎಲ್ಲಿ ತಾಗುತ್ತದೆ? ಅಲ್ಲಿ ಮೂರು ಮೂರು ಇಂಚು. ಎಡಟೊಂಕದ ಮೇಲೆ ಇಟ್ಟು ಎಡಗೈಯಿಂದ ಸುತ್ತುವರಿದಾಗ ಹೊಟ್ಟೆಯ ಯಾವ ಭಾಗ ಮೈಗೆ ಒರಗುತ್ತದೆ? ಅಲ್ಲಿ ಅಂಗೈ ಅಗಲದಷ್ಟು, ನಡುವೆ ಜೋರಾಗಿ, ಅಂಚಿಗೆ ಹಗುರಾಗಿ. ತಳವನ್ನು ನೆಲಕ್ಕೆ ಇಟ್ಟು ಎಳೆದಾಗ ಉಜ್ಜುವ ದುಂಡನೆಯ ಸಾಲು, ಸಿಂಬಿ ಕೂರುವ ಬಳೆಯಾಕಾರ. ಬತ್ತಿಯನ್ನು ಮಲಗಿಸಿ ತಿಕ್ಕಿದರೆ ಎಳೆಯ ಉಬ್ಬಿಗೆ ಮಾತ್ರ ಮೇಣ ಹತ್ತುತ್ತದೆ, ತುದಿಯಿಂದ ತಿಕ್ಕಿದರೆ ಸಂದಿಗೂ ಹೋಗಿ ಸವೆತ ಸುಳ್ಳಾಗಿ ಕಾಣುತ್ತದೆ. ಸವೆತ ಯಾವಾಗಲೂ ಉಬ್ಬಿನ ಮೇಲೆಯೇ ಬೀಳುತ್ತದೆ. ಬುಟ್ಟಿಯ ಸುತ್ತ ಸಮಾ ಅಂತರದಲ್ಲಿ ಚುಕ್ಕೆ ಇಟ್ಟ ಹಾಗೆ ತಿಕ್ಕುವುದು ಹೆಚ್ಚಿನವರು ಮಾಡುವ ತಪ್ಪು. ಹೊತ್ತವರ ಮೈ ಒಂದೇ ಕಡೆ ಇರುತ್ತದೆ, ಆದ್ದರಿಂದ ಸವೆತವೂ ಒಂದೇ ಕಡೆ ಹೆಚ್ಚಿರಬೇಕು.

ಬಿಳಿಗೆ ಸುಣ್ಣ ಹಚ್ಚುವ ಆಸೆ ನಮಗೂ ಇತ್ತು. ಗೋಡೆ ಅಲ್ಲಾಡುವುದಿಲ್ಲ, ಬುಟ್ಟಿ ಪ್ರತಿ ಸಲ ಎತ್ತಿದಾಗ ಬಾಗುತ್ತದೆ. ಸುಣ್ಣದ ಗಟ್ಟಿ ಪದರ ಬಾಗಲಾರದೆ ಉದುರುತ್ತದೆ. ಬದಲಿಗೆ ಮನೆಯೊಳಗಿನ ಗೋಡೆಗೆ ಹಚ್ಚುವ ಹೊಳಪಿಲ್ಲದ ಬಿಳಿ ಎಮಲ್ಷನ್ 90 ಮಿಲಿಲೀಟರ್, ಚಾಕ್ ಪೌಡರ್ 30 ಮಿಲಿಲೀಟರ್ ಅಳತೆ, ನೀರು 30 ಮಿಲಿಲೀಟರ್. ಮೊದಲು ಪುಡಿಯನ್ನು ನೀರಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ಬಣ್ಣಕ್ಕೆ ಸೇರಿಸಿ. ಚಾಕ್ ಪೌಡರಿನ ಜಾಗದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಬಹುದು, ಇನ್ನೂ ಒರಟು ಮೈ ಬರುತ್ತದೆ, ಆದರೆ ಬೇಗ ದಪ್ಪಗಾಗುವುದರಿಂದ ಅರ್ಧರ್ಧ ಕಲಸಿಕೊಳ್ಳಬೇಕು. ಬರೀ ಬಿಳಿ ಕಣ್ಣಿಗೆ ಚುಚ್ಚುತ್ತದೆ. ಹಳದಿ ಕಾವಿಯ ಸ್ಟೇನರ್ (ಗೋಡೆ ಬಣ್ಣಕ್ಕೆ ಬೆರೆಸುವ ಗಾಢ ಬಣ್ಣ) ಎಂಟು ಹನಿ, ಕಪ್ಪು ಒಂದೇ ಹನಿ ಬಿದ್ದರೆ ಹಳೇ ಧೋತರದ ಬಿಳುಪು ಬರುತ್ತದೆ. ಇಷ್ಟು ಒಂದು ಬುಟ್ಟಿಯ ಹೊರಮೈಗೆ ಸಾಕಾಗಿ ಸ್ವಲ್ಪ ಉಳಿಯುತ್ತದೆ.

ಬ್ರಷ್ ಎರಡು ಇಂಚಿನದು, ಕೂದಲು ಬಿರುಸಾಗಿರಲಿ. ಬಣ್ಣದಲ್ಲಿ ತುದಿ ಅದ್ದಿ ಹಳೇ ಬಟ್ಟೆಯ ಮೇಲೆ ಏಳೆಂಟು ಸಲ ಒರೆಸಿ, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ಉಳಿದಾಗ ಬುಟ್ಟಿಗೆ ಅಡ್ಡಡ್ಡ ಸವರಬೇಕು. ತುಂಬ ಬಣ್ಣವಿರುವ ಬ್ರಷ್ ತಾಗಿದರೆ ಸಂದು ತುಂಬಿ ಹೆಣಿಗೆ ಸತ್ತಂತೆ. ಮಾರ್ಚ್ ದಾಟಿದ ಮೇಲೆ ನಮ್ಮಲ್ಲಿ ಮಧ್ಯಾಹ್ನ ಈ ಕೆಲಸ ಆಗದು, ಬ್ರಷ್ಷಿನಲ್ಲೇ ಬಣ್ಣ ಒಣಗಿ ಗರಣೆ ಗರಣೆಯಾಗಿ ಉದುರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿಕೊಳ್ಳಿ. ನಾಲ್ಕು ಗಂಟೆ ಬಿಟ್ಟು ಒರಟು ಬಟ್ಟೆಯಿಂದ ಮೇಣದ ಜಾಗಗಳನ್ನು ತಿಕ್ಕಿದರೆ ಬಿಳಿ ಪುಡಿಯಾಗಿ ಎದ್ದು ಕೆಳಗಿನ ಕಂದು ಹೊಳೆಯುತ್ತದೆ. ಒಂದು ದಿನ ಬಿಟ್ಟರೆ ಬಣ್ಣ ಗಟ್ಟಿಯಾಗಿ ಉಜ್ಜುಕಾಗದ ಹಿಡಿಯಬೇಕಾಗುತ್ತದೆ, ಅದರಿಂದ ಕಾಚಿನ ಪದರಕ್ಕೂ ಗಾಯ.

ಇದರ ಮೇಲೆ ನೀರಿನ ವಾರ್ನಿಶ್ ನಿಲ್ಲುವುದಿಲ್ಲ, ಮೇಣ ಇದ್ದಲ್ಲೆಲ್ಲ ಮುತ್ತಾಗಿ ಜಾರುತ್ತದೆ. ಮೇಲ್ಪದರವೂ ಮೇಣದ್ದೇ ಆಗಬೇಕು. ಜೇನುಮೇಣ 20 ಗ್ರಾಂ, ಅಗಸಿ ಎಣ್ಣೆ 60 ಮಿಲಿಲೀಟರ್. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ, ಆರಿದಾಗ ಬೆಣ್ಣೆಯಂತಾಗುತ್ತದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಇದಕ್ಕೆ ನಡೆಯುವುದಿಲ್ಲ. ಅಗಸಿ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುತ್ತದೆ, ಅವು ಒಣಗದೆ ಜಿಡ್ಡಾಗಿ ಧೂಳು ಹಿಡಿದು ಕಮಟು ವಾಸನೆ ಹೊಡೆಯುತ್ತವೆ. ಮುಕ್ಕಾಲು ಭಾಗವನ್ನು ಸಾದಾ ಇಟ್ಟು, ಕಾಲು ಭಾಗಕ್ಕೆ ಚಿಟಿಕೆ ಕಂದು ಪುಡಿಬಣ್ಣ ಬೆರೆಸಿ. ಮೊದಲು ಸಾದಾ ಮೇಣ ಇಡೀ ಮೈಗೆ, ಒಂದು ರಾತ್ರಿ ಬಿಟ್ಟು ಕಂದು ಮೇಣ ಸಂದುಗಳಿಗೆ ಮಾತ್ರ. ಕಂದು ಮೇಣವನ್ನೇ ಮೊದಲು ಹಚ್ಚಿದರೆ ಚಾಕಿನ ಬಣ್ಣ ಅದನ್ನು ಹೀರಿಕೊಂಡು ಅಳಿಸಲಾಗದ ಕಲೆ ಬೀಳುತ್ತದೆ. ಒಂದು ಎಚ್ಚರಿಕೆ ಮರೆಯಬಾರದು: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಬಿಚ್ಚಿ ಹರವಿ ಒಣಗಿಸಿ ಅಥವಾ ನೀರಲ್ಲಿ ಅದ್ದಿ ಎಸೆಯಿರಿ. ಹಿಡಿಕೆಗಳಿಗೆ ಮೇಣ ಹಚ್ಚಬೇಡಿ, ಸುತಳಿ ಜಾರುತ್ತದೆ. ಬಟ್ಟೆ ಹಾಕುವ ಮೊದಲು ಬುಟ್ಟಿ ಒಂದು ವಾರ ಗಾಳಿಗೆ ಇರಲಿ.

ಆ ವಾರದಲ್ಲಿ ಹೊಲಿಗೆ. ಒಳಬಟ್ಟೆಯನ್ನು ಕೌದಿಯ ಹಾಗೆ ಮಾಡಿದೆವು. ಎರಡು ಪದರ ಹಳೇ ಧೋತರ, ಅರ್ಧ ಇಂಚಿಗೊಂದು ಸಾಲು, ಕಾಲು ಇಂಚಿನ ಟಾಕಿ, ಅಂದರೆ ಕೈಹೊಲಿಗೆ. ತೆಳುಬಟ್ಟೆ ಒಂದೇ ಪದರ ಹಾಕಿದರೆ ಬುಟ್ಟಿಯಲ್ಲಿ ಕೂರುವುದಿಲ್ಲ, ಕುಸಿಯುತ್ತದೆ. ಕೌದಿಗೆ ತನ್ನದೇ ನಿಲುವು ಇದೆ. ಆದರೆ ಟಾಕಿ ಬಿದ್ದಂತೆ ಬಟ್ಟೆ ಕುಗ್ಗುತ್ತದೆ, ನಾಲ್ಕಡಿ ಉದ್ದಕ್ಕೆ ಒಂದೂವರೆ ಇಂಚು ಹೋಗುತ್ತದೆ. ಅಳತೆಗೆ ಕತ್ತರಿಸಿ ಆಮೇಲೆ ಟಾಕಿ ಹಾಕಿದ ಮೊದಲ ಬಟ್ಟೆ ಇದೇ ಕಾರಣಕ್ಕೆ ಸುತ್ತು ಕೂಡಲಿಲ್ಲ. 52 ಇಂಚು ಉದ್ದ 10 ಅಗಲದ ಒಂದು, 12 ಇಂಚಿನ ಚೌಕದ ಒಂದು, ಹೀಗೆ ಎರಡು ತುಂಡಿಗೆ ಮೊದಲು ಟಾಕಿ ಹಾಕಿ, ತೊಳೆದು, ಇಸ್ತ್ರಿ ಮಾಡಿ, ಅನಂತರ ಗೋಡೆಗೆ 48 ಗುಣಿಸು 9, ತಳಕ್ಕೆ 11 ಇಂಚಿನ ದುಂಡು ಕತ್ತರಿಸಿ. ಸುತ್ತ ಅರ್ಧ ಇಂಚು ಹೊಲಿಗೆಗೆ.

48 ಏಕೆ ಅಂದರೆ ಹೊರಸುತ್ತು 47, ಮೇಲೊಂದು ಇಂಚು ಹೊಲಿಗೆಗೆ. ಒಳಬಾಯಿಯ ಸುತ್ತು 44 ಇಂಚು ಹಿಡಿದು ಕತ್ತರಿಸುವುದು ಸಹಜ ತಪ್ಪು. ಆಗ ಬಟ್ಟೆ ಅಂಚು ದಾಟಿ ಹೊರಗೆ ಮಡಚಲು ಸಾಲದೆ ಎಳೆಯುತ್ತದೆ, ತಳದ ಬಟ್ಟೆ ನೆಲ ಬಿಟ್ಟೆದ್ದು ತೊಟ್ಟಿಲ ಜೋಲಿಯಂತೆ ತೂಗುತ್ತದೆ. ತಳದ ಸುತ್ತು ಸುಮಾರು 31½ ಇಂಚು, ಗೋಡೆಯ ಬಟ್ಟೆ 47. ಉಳಿಯುವ 15½ ಇಂಚನ್ನು ನೆರಿಗೆಯಾಗಿ ಹಂಚಬೇಕು. ಎರಡನ್ನೂ ನಾಲ್ಕು ಪಾಲು ಮಾಡಿ ಗುರುತು ಹಾಕಿ, ಒಂದೊಂದು ಪಾಲಿಗೆ ನಾಲ್ಕು ಇಂಚಿಗೆ ಸ್ವಲ್ಪ ಕಡಿಮೆ ನೆರಿಗೆ ಬರುವಂತೆ ದಾರ ಎಳೆದರೆ ಸಮ ಕೂರುತ್ತದೆ. ಗುರುತಿಲ್ಲದೆ ಎಳೆದರೆ ನೆರಿಗೆಯೆಲ್ಲ ಒಂದು ಮೂಲೆಗೆ.

ಅಂಚಿಗೆ ಹಳೇ ಇಳಕಲ್ ಸೀರೆಯ ದಡಿ. ಇಳಕಲ್ ಸೀರೆಯಲ್ಲಿ ಸಾಮಾನ್ಯವಾಗಿ ಹತ್ತಿಯ ಒಡಲು ಮೊದಲು ಹರಿಯುತ್ತದೆ, ರೇಷ್ಮೆಯ ದಡಿ ಗಟ್ಟಿ ಉಳಿಯುತ್ತದೆ. ಆದ್ದರಿಂದ ಹರಿದ ಸೀರೆಯಲ್ಲೂ ಬೇಕಾದಷ್ಟು ದಡಿ ಸಿಗುತ್ತದೆ, ಉಡಲು ಬರುವ ಸೀರೆಗೆ ಕತ್ತರಿ ಹಾಕಬೇಕಾಗಿಲ್ಲ. ಕತ್ತರಿಸುವ ಮೊದಲು ಸೆರಗು ಒಡಲಿಗೆ ಕೂಡುವ ಸಾಲನ್ನು ತಿರುವಿ ನೋಡಿ. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸಿನ ಎಳೆಯನ್ನು ಸೆರಗಿನ ಎಳೆಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ, ಆ ಕೊಂಡಿಗಳ ಸಾಲು ಬೆರಳಿಗೆ ಹತ್ತುತ್ತದೆ. ಅಂಥದ್ದರ ಟೋಪ ತೆನಿ ಸೆರಗು (ಕೆಂಪಿನ ಮೇಲೆ ಬಿಳಿ ಗೋಪುರದಂಥ ಚಿತ್ತಾರದ್ದು) ಚೆನ್ನಾಗಿದ್ದರೆ ಅದನ್ನು ಮುಟ್ಟದೆ ಎತ್ತಿಡಿ. ದಡಿ ಸಿಗದವರು ಗುಳೇದಗುಡ್ಡದ ಖಣ ಬಳಸಬಹುದು, ಅದರ ಸಣ್ಣ ಬುಟ್ಟಾ ಇಂಥ ಕಿರಿದಾದ ಪಟ್ಟಿಗೆ ಹೇಳಿ ಮಾಡಿಸಿದಂತಿದೆ.

ನಮ್ಮ ದಡಿ 3½ ಇಂಚು ಅಗಲ. ಸೀರೆಯ ಕರೆಯೇ ಕೆಳಗೆ ಬರುವಂತೆ ಇಟ್ಟರೆ ಮಡಚಿ ಹೊಲಿಯುವ ಕೆಲಸ ಇಲ್ಲ. ಹಿಡಿಕೆಯ ಬುಡ ಒಂದೊಂದು ನಾಲ್ಕು ಇಂಚು ಜಾಗ ತಿನ್ನುವುದರಿಂದ ದಡಿಯನ್ನು ಒಂದೇ ಸುತ್ತಾಗಿ ಹಾಕದೆ 20½ ಇಂಚಿನ ಎರಡು ತುಂಡು ಮಾಡಿ, ತುದಿಗಳಿಗೆ ಆರು ಇಂಚಿನ ಲಾಡಿ ಹೊಲಿದು, ಹಿಡಿಕೆಯ ಕೆಳಗೆ ಗಂಟು ಹಾಕಿದೆವು. ಕಟ್ಟಿದ್ದು ಬಿಚ್ಚಿ ಒಗೆಯಬಹುದು, ಅಂಟಿಸಿದ್ದು ಒಂದು ವರ್ಷಕ್ಕೆ ಹೊಲಸು.

ದಡಿಯ ಕೆಂಪು ಬಣ್ಣ ಬಿಡುತ್ತದೆಯೋ ಮೊದಲೇ ನೋಡಿಕೊಳ್ಳಬೇಕು. ಒದ್ದೆ ಬಿಳಿ ಅರಿವೆಯನ್ನು ದಡಿಯ ಮೇಲಿಟ್ಟು ಇಸ್ತ್ರಿ ಒತ್ತಿ. ಅರಿವೆಗೆ ಕೆಂಪು ಹತ್ತಿದರೆ ದಡಿಯನ್ನು ತಣ್ಣೀರಿನಲ್ಲಿ ನೀರು ತಿಳಿಯಾಗುವ ತನಕ ಜಾಲಿಸಿ ನೆರಳಲ್ಲಿ ಒಣಗಿಸಿ, ಮತ್ತೆ ಪರೀಕ್ಷಿಸಿ. ನಮ್ಮದು ಐದನೇ ನೀರಿಗೆ ತಿಳಿಯಾಯಿತು. ಹಾಗೆಯೇ ಹೊಲಿದಿದ್ದರೆ ಬಟ್ಟೆ ಮೊದಲ ಸಲ ತೊಳೆದಾಗಲೇ ಬಿಳಿ ಧೋತರವೆಲ್ಲ ಗುಲಾಬಿ ಆಗುತ್ತಿತ್ತು.

ಕಡೆಗೆ ಹಿಡಿಕೆ. ಒಂದೊಂದು ಹಿಡಿಕೆ 9 ಇಂಚು ಉದ್ದ, ದಪ್ಪದ ಸುತ್ತಳತೆ 2½ ಇಂಚು. 2 ಮಿಲಿಮೀಟರ್ ಸುತಳಿ ಹಿಡಿದರೆ ಸುಮಾರು 114 ಸುತ್ತು, ಅಂದರೆ ಏಳೂಕಾಲು ಮೀಟರ್. ಎರಡಕ್ಕೂ ಸೇರಿ 16 ಮೀಟರ್ ಇಟ್ಟುಕೊಳ್ಳಿ, ನಡುವೆ ಕಡಿಮೆ ಬಿದ್ದು ಗಂಟು ಹಾಕಿದರೆ ಅದು ಅಂಗೈಗೆ ಒತ್ತುತ್ತದೆ. ಮೊದಲು ಎರಡು ಇಂಚು ತುದಿಯನ್ನು ಹಿಡಿಕೆಯ ಉದ್ದಕ್ಕೆ ಮಲಗಿಸಿ ಅದರ ಮೇಲೆಯೇ ಸುತ್ತುತ್ತ ಬನ್ನಿ. ಕೊನೆಯ ಹತ್ತು ಸುತ್ತಿನ ಅಡಿಗೆ ಒಂದು ದಾರದ ಕುಣಿಕೆ ಇಟ್ಟು ಸುತ್ತಿ, ತುದಿಯನ್ನು ಆ ಕುಣಿಕೆಗೆ ಪೋಣಿಸಿ ಒಳಕ್ಕೆ ಎಳೆದುಬಿಟ್ಟರೆ ಗಂಟೂ ಇಲ್ಲ, ಅಂಟೂ ಬೇಡ. ಬಿಗಿ ಕೂರಲಿ ಅಂತ ಸುತಳಿಯನ್ನು ನೆನೆಸಿ ಸುತ್ತುವವರಿದ್ದಾರೆ. ನೆನೆದ ಸೆಣಬು ಉಬ್ಬಿರುತ್ತದೆ, ಒಣಗಿದಾಗ ಸಣ್ಣಗಾಗಿ ಸುತ್ತೆಲ್ಲ ಸಡಿಲ. ಒಣಗಿದ್ದನ್ನೇ ಎಳೆದು ಸುತ್ತಿ.

ಬುಟ್ಟಿಯ ಮೇಲೆ ಮುಚ್ಚುವ 20 ಇಂಚಿನ ಚೌಕದ ಬಟ್ಟೆಗೆ ಕಸೂತಿ ಹಾಕುವುದಾದರೆ ಎಳೆ ಎಣಿಸಲು ಬರುವ ಬಟ್ಟೆಯನ್ನೇ ಆರಿಸಿ. ಗವಂತಿ ಹೊಲಿಗೆ ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಬರುವುದರಿಂದ ಮುಚ್ಚಳದ ಬಟ್ಟೆ ತಿರುವಿ ಬಿದ್ದರೂ ಚಿಂತೆ ಇಲ್ಲ. ಮೂಲೆಗೊಂದು ಗೋಪುರ ಅಥವಾ ತುಳಸಿ ಕಟ್ಟೆ ಸಾಕು.

ಮುಗಿದ ಬುಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಬ್ರಷ್ ಸಾಕು. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಸಾದಾ ಮೇಣ ಮತ್ತೊಂದು ಸಲ ತೆಳುವಾಗಿ ಹಚ್ಚಿ. ಮಳೆ ಜೋರಿರುವ ಊರಿನಲ್ಲಿ ಬುಟ್ಟಿಯನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ, ಒಳಬಟ್ಟೆ ಬಿಚ್ಚಿ ಬೇರೆ ಇಡಿ, ಬೂಷ್ಟು ಮೊದಲು ಬಟ್ಟೆಯ ನೆರಿಗೆಯಲ್ಲೇ ಹುಟ್ಟುತ್ತದೆ. ಮೊದಲ ಮೂರು ತಿಂಗಳು ಬುಟ್ಟಿಯ ಕೆಳಗೆ ಒಂದು ಕರಿ ಕಾಗದ ಹಾಸಿರಲಿ. ಬೆಳಿಗ್ಗೆ ಎತ್ತಿ ನೋಡಿದಾಗ ಅದರ ಮೇಲೆ ಬಿಳಿ ಹುಡಿ ಕಂಡರೆ ನೇರ ಮೇಲಿನ ದಬ್ಬೆಯಲ್ಲಿ ತೂತು ಹುಡುಕಿ, ಬೋರಿಕ್ ನೀರನ್ನು ಸಿರಿಂಜಿನಿಂದ ಆ ತೂತಿಗೇ ಬಿಟ್ಟು, ಮೇಣದಿಂದ ಮುಚ್ಚಿ, ಕಾಗದ ಬದಲಿಸಿ ಮತ್ತೆ ಹಾಸಿ.